ಹಾಜರಿ ಪುಸ್ತಕದಿಂದ ಜಾರಿಹೋಗುವ ಹೆಸರುಗಳು

ಹಳೇ ಮದ್ರಾಸು ರಸ್ತೆಯನ್ನು ಹೊರವರ್ತುಲ ರಸ್ತೆ ಬಂದು ಕೂಡಿಕೊಳ್ಳುವ ಕಡೆಗೆ ಟಿನ್ ಫ್ಯಾಕ್ಟರಿ ಎಂದು ಹೆಸರು. ಕಾರ್ಖಾನೆಯ ಹೆಸರೇ ಬಸ್ ನಿಲ್ದಾಣದ ಹೆಸರಾಗಿ ನಿಂತಿದೆ. ಕೋಲಾರ, ಹೊಸಕೋಟೆಗಳ ಬಸ್ಸುಗಳು, ವೈಟ್‌ಫೀಲ್ಡಿನ ಕಂಪನಿಗಳ ವಾಹನಗಳು, ತಲೆಯ ಮೇಲೆ 2023ರ ಅಕ್ಟೋಬರಿನಿಂದ ಓಡುತ್ತಿರುವ ಮೆಟ್ರೋ, ಕೆಳಗೆ ತರಕಾರಿ ಗಾಡಿ, ಆಟೋ, ಪಾದಚಾರಿ. ಬೆಳಗಿನ ಒಂಬತ್ತರ ಈ ಜನಜಂಗುಳಿಯಲ್ಲಿ ಸಮವಸ್ತ್ರ ಧರಿಸಿದ ಮಕ್ಕಳು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಅದೇ ವಯಸ್ಸಿನ, ಸಮವಸ್ತ್ರವಿಲ್ಲದ ಮಕ್ಕಳನ್ನು ಕಾಣಬೇಕಾದರೆ ತುಸು ನಿಂತು ನೋಡಬೇಕು. ಗ್ಯಾರೇಜಿನ ಬಾಗಿಲು ಎತ್ತುವವನು, ಹೋಟೆಲಿನ ಹಿಂಬದಿಯಲ್ಲಿ ಲೋಟ ತೊಳೆಯುವವನು, ಕಟ್ಟಡದ ಶೆಡ್ಡಿನ ಮುಂದೆ ತಂಗಿಯನ್ನು ಸೊಂಟದಲ್ಲಿಟ್ಟುಕೊಂಡು ನಿಂತವಳು. ಇವರಲ್ಲಿ ಬಹುಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲ. ಹತ್ತಿ, ನಾಲ್ಕಾರು ವರ್ಷ ಕುಳಿತು, ಯಾರ ಗಮನಕ್ಕೂ ಬಾರದೆ ಇಳಿದು ಬಂದವರು. ಇಳಿಯುವ ಮುನ್ನ ಅವರನ್ನು ತಡೆದು ನಿಲ್ಲಿಸುವ ಪರ್ಯಾಯ ಶಾಲೆಗಳ ಕುರಿತು, ಮತ್ತು ಆ ಶಾಲೆಗಳು ನಮ್ಮ ದೊಡ್ಡ ಶಾಲೆಗಳಿಗೆ ಕೇಳದೆಯೇ ಕೇಳುತ್ತಿರುವ ಪ್ರಶ್ನೆಯ ಕುರಿತು ಈ ವಾರ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮಗು ಶಾಲೆ ಬಿಡುವುದು ಒಂದು ದಿನದಲ್ಲಿ ನಡೆಯುವ ಘಟನೆಯಲ್ಲ. ಮೊದಲು ಸೋಮವಾರಗಳು ತಪ್ಪುತ್ತವೆ. ಆಮೇಲೆ ಪರೀಕ್ಷೆಯ ದಿನಗಳು. ಮನೆಗೆಲಸದ ಪುಸ್ತಕ ಕಳೆದುಹೋಗುತ್ತದೆ, ಹೊಸದಕ್ಕೆ ಹಣ ಕೇಳಲು ಸಂಕೋಚವಾಗುತ್ತದೆ. ಕೊನೆಯ ಬೆಂಚಿಗೆ ಜಾಗ ಬದಲಾಗುತ್ತದೆ. ಒಂದು ದಿನ ಎಲ್ಲರೆದುರು ಓದಲು ಎಬ್ಬಿಸಿದಾಗ ಓದಲಾರದೆ ನಗೆಪಾಟಲಾದ ಹುಡುಗ ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾನೆ. ಹೊಟ್ಟೆನೋವು ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಮಾತ್ರ ಇನ್ನೂ ಇರುತ್ತದೆ. ಹಿಂದೆ ನಮ್ಮ ರಾಜ್ಯದಲ್ಲಿ ಎರಡು ತಿಂಗಳು ಎಡೆಬಿಡದೆ ಬಾರದಿದ್ದ ಮಗುವನ್ನು ಮಾತ್ರ ಶಾಲೆ ಬಿಟ್ಟ ಮಗುವೆಂದು ಗಣಿಸುತ್ತಿದ್ದರು. 2013ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಬಳಿಕ ಆ ಅವಧಿ ಏಳು ದಿನಗಳಿಗೆ ಇಳಿಯಿತು. ಈ ಬದಲಾವಣೆಯ ಮಹತ್ವ ದೊಡ್ಡದು. ಎರಡು ತಿಂಗಳಾದ ಮೇಲೆ ಹುಡುಕಿಕೊಂಡು ಹೋದವರಿಗೆ ಸಿಗುವುದು ಸಂಬಳಕ್ಕೆ ಸೇರಿದ ಹುಡುಗ. ಏಳನೆಯ ದಿನ ಹೋದವರಿಗೆ ಸಿಗುವುದು ಇನ್ನೂ ನಾಚಿಕೆಪಡುತ್ತಿರುವ ವಿದ್ಯಾರ್ಥಿ.

ಈ ಭಾಗದಲ್ಲಿ ಮಕ್ಕಳು ಜಾರಿಹೋಗಲು ಇಲ್ಲಿಯವೇ ಆದ ಕಾರಣಗಳೂ ಇವೆ. ಒಂದು ತಲೆಮಾರಿನ ಹಿಂದೆ ಕೃಷ್ಣರಾಜಪುರ, ದೂರವಾಣಿನಗರ, ಬೈಯಪ್ಪನಹಳ್ಳಿಗಳೆಂದರೆ ಕಾರ್ಖಾನೆಯ ಕೂಗು ಕೇಳಿ ಏಳುತ್ತಿದ್ದ ಊರುಗಳು. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತ್ತು. ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಒಂದು ವರ್ಷ ಮುಂಚೆ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿತ್ತು. ಆ ಊರಿನ ಅನೇಕರು ಇಂದಿಗೂ ನಸುಕಿನ ರೈಲು ಹಿಡಿದು ಈ ನಗರಕ್ಕೆ ದುಡಿಯಲು ಬರುತ್ತಾರೆ. ಇವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಖಾಯಂ ಕೆಲಸವಿದ್ದ ತಂದೆಯ ಮಗನಿಗೂ ದಿನಗೂಲಿಯ ತಂದೆಯ ಮಗನಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ತಂದೆಗೆ ಕಾಯಿಲೆಯಾದ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಇನ್ನು ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದಲೂ ಹೊರರಾಜ್ಯಗಳಿಂದಲೂ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಪಾಡು ಬೇರೆಯೇ. ಕಟ್ಟಡ ಮುಗಿದರೆ ಶೆಡ್ಡು ಕೀಳುತ್ತಾರೆ. ಶೆಡ್ಡು ಕಿತ್ತರೆ ಶಾಲೆಯೂ ಹೋಯಿತು. ಒಂದೇ ವರ್ಷದಲ್ಲಿ ಎರಡು ಮೂರು ಕಡೆ ಬಿಡಾರ ಬದಲಿಸುವ ಮಗುವಿಗೆ ಜೂನ್‌ನಲ್ಲಿ ಸೇರಿ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಏರ್ಪಾಡು ಹೊಂದುವುದಾದರೂ ಹೇಗೆ?

ಇಂಥ ಮಕ್ಕಳ ಬಳಿಗೆ ಹೋದವರ ಒಂದು ಕಥೆ ಇದೇ ಕೃಷ್ಣರಾಜಪುರದಲ್ಲಿ ಆರಂಭವಾಯಿತು ಎಂಬುದು ನಮ್ಮ ಸಮುದಾಯದಲ್ಲೇ ಅನೇಕರಿಗೆ ತಿಳಿದಿಲ್ಲ. ಇಲ್ಲಿನ ಕ್ರಿಸ್ತು ಜ್ಯೋತಿ ಕಾಲೇಜು ಸಲೇಷಿಯನ್ ಸಭೆಯ ಗುರು ಅಭ್ಯರ್ಥಿಗಳು ದೈವಶಾಸ್ತ್ರ ಕಲಿಯುವ ವಿದ್ಯಾಮಂದಿರ. 1980ರಲ್ಲಿ ಅಲ್ಲಿನ ಕೆಲವು ವಿದ್ಯಾರ್ಥಿಗಳು ಪುಸ್ತಕ ಮುಚ್ಚಿಟ್ಟು ನಗರದ ಬೀದಿಗಳಿಗೆ ಹೊರಟರು. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಲ್ಲಿ ಮಲಗುತ್ತಿದ್ದ, ಚಿಂದಿ ಆಯುತ್ತಿದ್ದ ಮಕ್ಕಳೊಡನೆ ಮಾತಿಗೆ ಕುಳಿತರು. ಹಾಗೆ ಹುಟ್ಟಿದ ಸಂಸ್ಥೆಗೆ ಇಟ್ಟ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ‘ಬೋಸ್ಕೊ’ ಆಗುತ್ತದೆ. ಸಂತರ ಹೆಸರನ್ನು ಅಚ್ಚಕನ್ನಡದ ಓಣಿಯೊಳಗೆ ಅಡಗಿಸಿಟ್ಟ ಈ ಜಾಣ್ಮೆಗೆ ನಾವು ತಲೆದೂಗುತ್ತೇವೆ. ಅವರು ಮೊದಲು ಮಾಡಿದ್ದು ಪಾಠವಲ್ಲ, ಗೆಳೆತನ. ಬೀದಿಯ ಮಗುವಿಗೆ ಅಕ್ಷರಕ್ಕಿಂತ ಮೊದಲು ನಂಬಬಹುದಾದ ಒಬ್ಬ ದೊಡ್ಡವನು ಬೇಕು ಎಂಬುದು ಆ ಕೆಲಸದಲ್ಲಿ ಕೈಯಿಟ್ಟವರೆಲ್ಲ ಕಂಡುಕೊಂಡ ಸತ್ಯ.

ಆ ಸತ್ಯ ಹೊಸದೇನಲ್ಲ. 1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ, ಇಟಲಿಯ ಟ್ಯೂರಿನ್ ನಗರದ ಸಂತ ಫ್ರಾನ್ಸಿಸ್ ಅಸ್ಸಿಸಿ ದೇವಾಲಯದಲ್ಲಿ ನಡೆದ ಪ್ರಸಂಗವನ್ನು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕೇಳಿಯೇ ಇರುತ್ತಾರೆ. ಚಳಿಗೆ ಒಳಬಂದಿದ್ದ ಒಬ್ಬ ಅನಾಥ ಗಾರೆ ಕೆಲಸದ ಹುಡುಗನನ್ನು ದೇವಾಲಯದ ಆಳು ಹೊಡೆದು ಅಟ್ಟಿದ. ಪೂಜೆಗೆ ಸಿದ್ಧರಾಗುತ್ತಿದ್ದ ಯುವ ಗುರು ಜಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ಓದಲು ಬರುತ್ತದೆಯೇ, ಬರೆಯಲು ಬರುತ್ತದೆಯೇ, ಹಾಡಲು ಬರುತ್ತದೆಯೇ ಎಂದು ಕೇಳಿದ್ದಕ್ಕೆಲ್ಲ ಇಲ್ಲವೆಂಬ ಉತ್ತರ. ಶಿಳ್ಳೆ ಹೊಡೆಯಲು ಬರುತ್ತದೆಯೇ ಎಂದಾಗ ಹುಡುಗ ನಕ್ಕ. ಜನವರಿ 31ರ ಸಂತರ ಹಬ್ಬದಂದು ಈ ಕಥೆಯನ್ನು ನಾವು ವರ್ಷವರ್ಷವೂ ಹೇಳುತ್ತೇವೆ, ಆದರೆ ಅದರಲ್ಲಿರುವ ಬೋಧನಾ ಕ್ರಮವನ್ನು ಗಮನಿಸುವುದಿಲ್ಲ. ಬಾರದ್ದನ್ನು ಕೇಳುತ್ತ ಹೋದ ಗುರು, ಬರುವ ಒಂದು ಸಂಗತಿ ಸಿಗುವವರೆಗೆ ಕೇಳುವುದನ್ನು ನಿಲ್ಲಿಸಲಿಲ್ಲ. ನಮ್ಮ ಪ್ರವೇಶ ಪರೀಕ್ಷೆಗಳು ಬಾರದ ಮೊದಲ ಸಂಗತಿಗೇ ನಿಂತುಬಿಡುತ್ತವೆ. ಇನ್ನೊಂದು ವಿಷಯ ಇಷ್ಟು ಪ್ರಸಿದ್ಧವಲ್ಲ. 1850ರ ದಶಕದ ಆರಂಭದಲ್ಲಿ ತಮ್ಮ ಹುಡುಗರನ್ನು ಕೆಲಸ ಕಲಿಯಲು ಕಳುಹಿಸುವಾಗ ಡಾನ್ ಬೋಸ್ಕೊ ಯಜಮಾನರಿಂದ ಲಿಖಿತ ಕರಾರು ಬರೆಸಿಕೊಂಡರು. ತಪ್ಪಾದರೆ ಮಾತಿನಲ್ಲಿ ತಿದ್ದಬೇಕು, ಹೊಡೆಯಬಾರದು, ಹಬ್ಬ ಭಾನುವಾರಗಳಲ್ಲಿ ಬಿಡುವು ಕೊಡಬೇಕು ಎಂಬವು ಅದರ ಷರತ್ತುಗಳು. ಹುಡುಗನ ಮೇಲಿನ ಪ್ರೀತಿ ಅವರಲ್ಲಿ ಕರಾರು ಪತ್ರದ ರೂಪವನ್ನೂ ತಾಳಿತ್ತು.

ಪರ್ಯಾಯ ಶಾಲೆ ಎಂದರೆ ಏನು, ಅಲ್ಲಿ ನಡೆಯುವುದೇನು ಎಂದು ಅನೇಕ ಪಾಲಕರು ಕೇಳುತ್ತಾರೆ. ಮರದಡಿಯ ಪಾಠ, ಪರೀಕ್ಷೆಯಿಲ್ಲದ ಸುಖ ಎಂಬ ಕಲ್ಪನೆ ಕೆಲವರದ್ದು. ದಡ್ಡರ ಶಾಲೆ ಎಂಬ ತಿರಸ್ಕಾರ ಇನ್ನು ಕೆಲವರದ್ದು. ಎರಡೂ ಸರಿಯಲ್ಲ. ವಿಮಾನಪುರದ ಅಣ್ಣಸಂದ್ರಪಾಳ್ಯದಲ್ಲಿ ‘ಅಪ್ಸಾ’ ಎಂಬ ಸ್ವಯಂಸೇವಾ ಸಂಸ್ಥೆ ದುಡಿಮೆಯಿಂದ ಬಿಡಿಸಿದ ಮಕ್ಕಳಿಗಾಗಿ ‘ಡ್ರೀಮ್ ಸ್ಕೂಲ್’ ಎಂಬ ಸೇತುಬಂಧ ಶಾಲೆಯನ್ನು ಕಟ್ಟಿತು. ಅದು ನಮ್ಮ ಧರ್ಮಸಭೆಯದಲ್ಲ, ಆದರೂ ಅಲ್ಲಿಂದ ನಾವು ಕಲಿಯಬೇಕಾದದ್ದಿದೆ. ಆಂಧ್ರದಲ್ಲಿ ಶಾಂತಾ ಸಿನ್ಹಾ ಅವರ ನೇತೃತ್ವದ ಎಂ.ವಿ. ಫೌಂಡೇಷನ್ ನಡೆಸಿದ ಸೇತುಬಂಧ ಶಿಬಿರಗಳಿಂದ ಸಹಸ್ರಾರು ಬಾಲ ಕಾರ್ಮಿಕರು ಸರ್ಕಾರಿ ಶಾಲೆಗಳಿಗೆ ಸೇರಿದರು. ಅವರಿಗೆ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ನಮ್ಮ ರಾಜ್ಯದ ‘ಚಿನ್ನರ ಅಂಗಳ’ವೂ ಇದೇ ಜಾಡಿನದು. ಇವೆಲ್ಲ ಒಂದೊಂದು ಬಗೆಯವಾದರೂ ಒಳಗಿನ ಕ್ರಮದಲ್ಲಿ ಹೋಲಿಕೆಯಿದೆ.

ಬಂದ ಮಗುವನ್ನು ವಯಸ್ಸು ನೋಡಿ ತರಗತಿಗೆ ಹಾಕುವುದಿಲ್ಲ, ತರಗತಿ ನೋಡಿ ಚಿಕ್ಕವರ ಜೊತೆ ಕೂರಿಸಿ ಅವಮಾನಿಸುವುದೂ ಇಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಕನ್ನಡ ಓದುವುದು ಎರಡನೆಯ ತರಗತಿಯಷ್ಟು, ಮನಸ್ಸಿನಲ್ಲೇ ಲೆಕ್ಕ ಹಾಕುವುದು ಏಳನೆಯ ತರಗತಿಯಷ್ಟು ಇರಬಹುದು. ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ರಟ್ಟು, ಪ್ಲಾಸ್ಟಿಕ್ಕು, ಕಬ್ಬಿಣ ತೂಗಿ ಮಾರಿದವನಿಗೆ ಗುಣಾಕಾರ ಹೊಸದಾಗಿ ಕಲಿಸಬೇಕಾಗಿಲ್ಲ. ಅವನು ಬಾಯಲ್ಲಿ ಹೇಳುವ ಲೆಕ್ಕವನ್ನು ಕಾಗದದ ಮೇಲೆ ಇಳಿಸುವುದನ್ನಷ್ಟೆ ಕಲಿಸಬೇಕು. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು, ಗುಂಪಿನಿಂದ ಗುಂಪಿಗೆ ದಾಟಲು ಮಾರ್ಚ್ ತಿಂಗಳನ್ನು ಕಾಯಬೇಕಾಗಿಲ್ಲ. ಒಬ್ಬ ಶಿಕ್ಷಕಿಗೆ ಅರವತ್ತು ಮಕ್ಕಳಿರುವುದಿಲ್ಲ. ಬೆಳಿಗ್ಗೆ ತಿಂಡಿಯಿರುತ್ತದೆ, ಏಕೆಂದರೆ ಹಸಿದ ಹೊಟ್ಟೆಗೆ ಒತ್ತಕ್ಷರ ಹತ್ತುವುದಿಲ್ಲ. ತಂಗಿಯನ್ನು ನೋಡಿಕೊಳ್ಳಬೇಕಾದ ಹುಡುಗಿ ತಂಗಿಯನ್ನೂ ಕರೆತರಬಹುದು. ಈ ಒಂದು ಅನುಮತಿಯಿಂದ ಎಷ್ಟು ಹೆಣ್ಣುಮಕ್ಕಳು ಓದಿನಲ್ಲಿ ಉಳಿದಿದ್ದಾರೆ ಎಂಬುದನ್ನು ಇಂಥ ಶಾಲೆಗಳಲ್ಲಿ ದುಡಿದವರ ಬಾಯಿಂದಲೇ ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಭೇಟಿ. ಎರಡನೆಯ ದಿನ ಮಗು ಬಾರದಿದ್ದರೆ ಮೂರನೆಯ ದಿನ ಒಬ್ಬರು ಬಾಗಿಲಿಗೆ ಹೋಗುತ್ತಾರೆ. ಗದರಿಸಲಿಕ್ಕಲ್ಲ, ವಿಚಾರಿಸಲಿಕ್ಕೆ. ಅಲ್ಲಿ ತಿಳಿಯುವ ಕಾರಣಗಳು ಹಲವು ಸಲ ತೀರ ಚಿಕ್ಕವು. ಚಪ್ಪಲಿ ಕಿತ್ತಿದೆ. ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಹಳೆಯ ಶಾಲೆ ಬಾಕಿ ಶುಲ್ಕಕ್ಕಾಗಿ ವರ್ಗಾವಣೆ ಪತ್ರ ಕೊಡುತ್ತಿಲ್ಲ. ಕೆಲವೊಮ್ಮೆ ಕಾರಣ ಚಿಕ್ಕದಲ್ಲ: ತಂದೆಯ ಕುಡಿತ, ತಾಯಿಯ ಕಾಯಿಲೆ, ಮುಂಗಡ ಹಣ ಪಡೆದು ಹುಡುಗನನ್ನು ಕೆಲಸಕ್ಕೆ ಒಪ್ಪಿಸಿರುವುದು, ಹುಡುಗಿಗೆ ಗುಟ್ಟಾಗಿ ಮದುವೆ ಗೊತ್ತು ಮಾಡಿರುವುದು. ಆಗ ಶಾಲೆಯವರು ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲಿಗೂ ಹೋಗಬೇಕಾಗುತ್ತದೆ. ಪಾಠ ಹೇಳುವುದಕ್ಕೆ ಸಿಗುವ ಸಮಯಕ್ಕಿಂತ ಇದಕ್ಕೆ ತಗಲುವ ಸಮಯವೇ ಹೆಚ್ಚು. ದೇಣಿಗೆ ಕೊಡುವವರು ಕಂಪ್ಯೂಟರ್ ಕೊಡಲು ಮುಂದೆ ಬರುತ್ತಾರೆ, ಮನೆ ಮನೆ ತಿರುಗುವ ಕಾರ್ಯಕರ್ತೆಯ ಸಂಬಳಕ್ಕೆ ಯಾರೂ ಬರುವುದಿಲ್ಲ. ಆ ಸಂಬಳವೇ ನಿಜವಾದ ದಾನ ಎಂದು ನಮ್ಮ ಅಭಿಪ್ರಾಯ.

ಕಾನೂನಿನ ಕೆಲವು ಅಂಶಗಳನ್ನೂ ಪಾಲಕರು ತಿಳಿದಿರುವುದು ಒಳ್ಳೆಯದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 4ನೆಯ ಸೆಕ್ಷನ್ ಪ್ರಕಾರ, ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ತರಬೇತಿಯ ಅವಧಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಪತ್ರ ಕೊಡಲು ಸತಾಯಿಸಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಜನನ ಪತ್ರವಿಲ್ಲವೆಂಬುದೂ ಪ್ರವೇಶಕ್ಕೆ ಅಡ್ಡಿಯಾಗಬಾರದು. ಆದರೆ ಈ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ, ಎಂಟನೆಯ ತರಗತಿಗೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲ ಕಾರ್ಮಿಕ ಕಾಯಿದೆಯೂ ಹದಿನಾಲ್ಕು ದಾಟಿದವರಿಗೆ ಅಪಾಯಕರ ಕೆಲಸಗಳನ್ನು ಮಾತ್ರ ನಿಷೇಧಿಸುತ್ತದೆ. ಹೀಗೆ ಎರಡು ಕಾನೂನುಗಳ ರಕ್ಷಣೆ ಸಡಿಲವಾಗುವ ಕಡೆಯಲ್ಲೇ ಒಂಬತ್ತನೆಯ ತರಗತಿ ನಿಂತಿದೆ. ನಮ್ಮ ಹುಡುಗರು ಬೀಳುವುದೂ ಅಲ್ಲಿಯೇ.

ಆ ವಯಸ್ಸಿನವರಿಗೆ ಮುಕ್ತ ಶಾಲೆಯ ದಾರಿಯಿದೆ. 1989ರಲ್ಲಿ ಸ್ಥಾಪಿತವಾಗಿ 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ತೇರ್ಗಡೆಯಾದ ವಿಷಯ ತೇರ್ಗಡೆಯಾಗಿಯೇ ಉಳಿಯುತ್ತದೆ. ಎಲ್ಲ ವಿಷಯಗಳನ್ನೂ ಒಟ್ಟಿಗೆ ಹೊರಲಾರದ ಹುಡುಗ ಎರಡೆರಡಾಗಿ ಹೊರಬಹುದು. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಮಂಡಳಿಯೂ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸತೊಡಗಿತು. ಅನುತ್ತೀರ್ಣನೆಂಬ ಹಣೆಪಟ್ಟಿ ಹೊತ್ತು ಇಡೀ ವರ್ಷ ಮನೆಯಲ್ಲಿ ಕೂರುವ ಕಾಲ ಹೋಯಿತು. ಪರ್ಯಾಯ ಶಾಲೆಗಳು ಬಹುಹಿಂದೆಯೇ ಕಂಡುಕೊಂಡದ್ದನ್ನು ದೊಡ್ಡ ವ್ಯವಸ್ಥೆ ತಡವಾಗಿ ಒಪ್ಪಿಕೊಂಡಿತು ಎನ್ನಬೇಕು.

ಹಾಗೆಂದು ಪರ್ಯಾಯ ಶಾಲೆಗಳಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುವುದಿಲ್ಲ. ಕೆಲವು ಕಡೆ ಅವು ಮನೆಪಾಠದ ಕೊಠಡಿಗಳಾಗಿಬಿಟ್ಟಿವೆ. ಕೆಲವು ಕಡೆ ಮಗು ಮುಖ್ಯ ಶಾಲೆಗೆ ಮರಳಿದ ಮೇಲೆ ಅದರ ಕಡೆ ತಿರುಗಿ ನೋಡುವವರಿಲ್ಲ. ಮರಳಿದ ಮೊದಲ ಆರು ತಿಂಗಳೇ ಅತ್ಯಂತ ಅಪಾಯದ ಕಾಲವೆಂಬುದನ್ನು ಮರೆತಂತಿದೆ. ನಮಗೆ ಹೆಚ್ಚು ಕಳವಳ ತರುವ ಸಂಗತಿ ಇನ್ನೊಂದು. ಬಡ ಹುಡುಗನಿಗೆ ಓದು ಹತ್ತದು, ಕೈಗೊಂದು ಕಸುಬು ಕೊಡಿ ಎಂಬ ಮಾತು ನಮ್ಮ ಸಭೆಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಕಸುಬಿಗೆ ನಾವು ವಿರೋಧಿಗಳಲ್ಲ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವವರು ಕಸುಬನ್ನು ಹೀಗಳೆಯುವಂತಿಲ್ಲ. ಆದರೆ ಹದಿಮೂರರ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟು ಪುಸ್ತಕ ಕಸಿದುಕೊಳ್ಳುವುದು, ನಮ್ಮ ಸ್ವಂತ ಮಗ ಗಣಿತದಲ್ಲಿ ಹಿಂದೆ ಬಿದ್ದಾಗ ಮನೆಪಾಠಕ್ಕೆ ಕಳುಹಿಸುವುದು, ಇವೆರಡೂ ಒಂದೇ ನ್ಯಾಯವಲ್ಲ.

ಇನ್ನು ನಮ್ಮ ಶಾಲೆಗಳ ವಿಚಾರ. ದಂಡು ಪ್ರದೇಶದಿಂದ ಹಲಸೂರಿನವರೆಗೆ, ಅಲ್ಲಿಂದ ಇಂದಿರಾನಗರ, ಕೃಷ್ಣರಾಜಪುರಗಳವರೆಗೆ ಕಥೋಲಿಕ ಶಾಲೆಗಳಿಗೆ ಇರುವ ಹೆಸರು ಸಾಮಾನ್ಯವಾದುದಲ್ಲ. ಆ ಹೆಸರಿನ ಬಗ್ಗೆ ಹೆಮ್ಮೆ ನಮಗೂ ಇದೆ. ಮೇ ತಿಂಗಳ ಹೊತ್ತಿಗೆ ಗೇಟಿನ ಮೇಲೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರು ಏರುತ್ತದೆ. ಆ ನೂರರಲ್ಲಿ ಇಲ್ಲದವರು ಯಾರು ಎಂದು ಯಾರೂ ಕೇಳುವುದಿಲ್ಲ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ಪಾಲಕರನ್ನು ಕರೆಸಿ, ಹುಡುಗ ಹತ್ತನೆಯದನ್ನು ದಾಟಲಾರ, ಬೇರೆ ಶಾಲೆ ನೋಡಿಕೊಳ್ಳಿ ಎಂದು ಮೆಲ್ಲಗೆ ಹೇಳಿ ಕಳುಹಿಸುವ ರೂಢಿ ಖಾಸಗಿ ಶಾಲೆಗಳಲ್ಲಿ ಇದೆಯೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಮ್ಮವೆಂದು ಹೇಳಿಕೊಳ್ಳುವ ಶಾಲೆಗಳು ಇದಕ್ಕೆ ಹೊರತು ಎಂದು ಎದೆ ತಟ್ಟಿ ಹೇಳಲಾರೆವು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಕಣ್ಗಾವಲು ಬಿಗಿಯಾದಾಗ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಹಿಂದಿನ ವರ್ಷದ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು. ಫಲಿತಾಂಶ ಕಷ್ಟವಾದಷ್ಟೂ ಹೊಟ್ಟು ತೂರುವ ಆಸೆ ಹೆಚ್ಚುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ನಾವು ಪೂಜೆಯಲ್ಲಿ ಕೇಳುತ್ತೇವೆ. ಒಂದನ್ನು ಹೊರಹಾಕಿ ತೊಂಬತ್ತೊಂಬತ್ತನ್ನೇ ನೂರೆಂದು ಎಣಿಸುವ ಲೆಕ್ಕ ಶುಭಸಂದೇಶದಲ್ಲಿಲ್ಲ.

ಕಾನೂನು ನಮ್ಮನ್ನು ಒತ್ತಾಯಿಸುವುದಿಲ್ಲ ಎಂಬುದೂ ನಿಜ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ‘ಪ್ರಮತಿ’ ಪ್ರಕರಣದಲ್ಲಿ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಮರುಪರಿಶೀಲನೆ ಅಗತ್ಯವೆಂದು ಅಭಿಪ್ರಾಯಪಟ್ಟಿದೆ. ಸಂಸ್ಥೆಗಳನ್ನು ನಡೆಸುವ ನಮ್ಮ ಹಕ್ಕನ್ನು ರಕ್ಷಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕು ಯಾವುದಕ್ಕಾಗಿ? ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ, ಬಡವರು ಮತ್ತು ಕುಟುಂಬದ ಆಸರೆಯಿಲ್ಲದವರ ಕಡೆಗೆ ಕಥೋಲಿಕ ಶಾಲೆ ಮೊದಲು ನೋಡಬೇಕೆಂಬ ಆಶಯ ಸ್ಪಷ್ಟವಾಗಿದೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2007ರಲ್ಲಿ ಪ್ರಕಟಿಸಿದ ಶಿಕ್ಷಣ ನೀತಿಯೂ ದೀನದಲಿತರಿಗೆ ಆದ್ಯತೆ ನೀಡುತ್ತದೆ. ಸರ್ಕಾರದ 4ನೆಯ ಸೆಕ್ಷನ್ನಿನಿಂದ ವಿನಾಯಿತಿ ಪಡೆದವರು ಈ ಎರಡರಿಂದಲೂ ವಿನಾಯಿತಿ ಪಡೆದಂತೆ ನಡೆದುಕೊಳ್ಳಬಾರದು.

ಸಾಧ್ಯವೇ ಎಂದು ಕೇಳುವವರಿಗೆ ಕಲ್ಕತ್ತೆಯ ಉದಾಹರಣೆ ಇದೆ. ಅಲ್ಲಿನ ಸಿಯಾಲ್ದಾ ರೈಲು ನಿಲ್ದಾಣದ ಬಳಿಯ ಲೊರೆಟೊ ಶಾಲೆಗೆ 1979ರಲ್ಲಿ ಮುಖ್ಯಸ್ಥೆಯಾಗಿ ಬಂದ ಐರ್ಲೆಂಡಿನ ಸಿಸ್ಟರ್ ಸಿರಿಲ್ ಮೂನಿ, ಶುಲ್ಕ ಕೊಡಲಾರದ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋಗಿ ಶಾಲೆಯ ಸುಮಾರು ಅರ್ಧದಷ್ಟಕ್ಕೆ ತಂದರು. 1985ರಲ್ಲಿ ‘ರೇನ್‌ಬೋ’ ಎಂಬ ಯೋಜನೆ ಆರಂಭಿಸಿ, ಬೀದಿಯ ಮಕ್ಕಳು ಶಾಲೆಯ ಹೊತ್ತಿನಲ್ಲೇ ಒಳಬಂದು, ಅಲ್ಲಿನ ವಿದ್ಯಾರ್ಥಿನಿಯರಿಂದಲೇ ಅಕ್ಷರ ಕಲಿಯುವ ಏರ್ಪಾಡು ಮಾಡಿದರು. ಸಾಕಷ್ಟು ಕಲಿತವರನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುತ್ತಿದ್ದರು. ಬೇರೆ ಕಟ್ಟಡವಿಲ್ಲ, ಹಿಂಬಾಗಿಲಿಲ್ಲ, ಸಂಜೆಯ ಪಾಳಿಯಿಲ್ಲ. ಶಾಲೆಯ ಮಟ್ಟ ಕುಸಿಯುತ್ತದೆಂದು ಹೆದರಿದವರಿದ್ದರು, ಕುಸಿಯಲಿಲ್ಲ. 2007ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2023ರಲ್ಲಿ ಅವರು ನಿಧನರಾದಾಗ ನಮ್ಮ ಪತ್ರಿಕೆಗಳಲ್ಲಿ ಬಂದ ಸುದ್ದಿ ಬಹಳ ಚಿಕ್ಕದು.

ಇಟಲಿಯ ಒಬ್ಬ ಗುರುವನ್ನೂ ಇಲ್ಲಿ ನೆನೆಯಬೇಕು. ಲೊರೆಂಜೊ ಮಿಲಾನಿ 1954ರಲ್ಲಿ ಬಾರ್ಬಿಯಾನ ಎಂಬ ಬೆಟ್ಟದ ಕುಗ್ರಾಮಕ್ಕೆ ಗುರುವಾಗಿ ಬಂದು, ಶಾಲೆಯಲ್ಲಿ ಅನುತ್ತೀರ್ಣರಾಗಿ ಹೊರಬಿದ್ದ ರೈತರ ಮಕ್ಕಳಿಗೆ ಪಾಠ ಹೇಳತೊಡಗಿದರು. ರಜೆಯೆಂಬುದೇ ಇಲ್ಲದ ಆ ಶಾಲೆಯಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. 1967ರಲ್ಲಿ ಅಲ್ಲಿನ ಎಂಟು ಹುಡುಗರು ಸೇರಿ ತಮ್ಮನ್ನು ನಪಾಸು ಮಾಡಿದ ಶಿಕ್ಷಕಿಯನ್ನು ಉದ್ದೇಶಿಸಿ ‘ಶಿಕ್ಷಕಿಗೊಂದು ಪತ್ರ’ ಎಂಬ ಪುಸ್ತಕ ಬರೆದರು. ಯಾವ ಕೆಲಸದ ತಂದೆಯ ಮಕ್ಕಳು ಶಾಲೆ ಬಿಡುತ್ತಾರೆ ಎಂಬುದನ್ನು ಅಂಕಿ ಅಂಶಗಳೊಡನೆ ಅದರಲ್ಲಿ ಮಂಡಿಸಿದ್ದರು. ದಡ್ಡರೆನಿಸಿಕೊಂಡವರು ಬರೆದ ಆ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಬದುಕಿದ್ದಾಗ ಮೇಲಿನವರ ಅಸಮಾಧಾನ ಉಂಡ ಮಿಲಾನಿಯವರ ಸಮಾಧಿಗೆ ಪೋಪ್ ಫ್ರಾನ್ಸಿಸ್ 2017ರಲ್ಲಿ ಭೇಟಿಕೊಟ್ಟು ಪ್ರಾರ್ಥಿಸಿದರು.

ನಮ್ಮ ಪಾಲಕರಿಗೂ ಒಂದು ಮಾತು ಹೇಳದೆ ಇರಲಾರೆವು. ಓದಿನಲ್ಲಿ ಹಿಂದುಳಿದ ಹುಡುಗನನ್ನು ತರಗತಿಯಲ್ಲಿ ಉಳಿಸಿಕೊಂಡರೆ ನಮ್ಮ ಮಕ್ಕಳಿಗೆ ತೊಂದರೆ ಎಂದು ಪಾಲಕರ ಸಭೆಗಳಲ್ಲಿ ಎದ್ದು ನಿಂತು ಹೇಳುವವರು ನಮ್ಮವರೇ. ಶಾಲೆಯ ಆಡಳಿತ ಹೆದರುವುದು ಇಲಾಖೆಗಲ್ಲ, ಈ ದೂರಿಗೆ. ಅದೇ ಮಹನೀಯರು ತಪಸ್ಸುಕಾಲದಲ್ಲಿ ಬಡ ಮಕ್ಕಳ ವಿದ್ಯಾನಿಧಿಗೆ ಉದಾರವಾಗಿ ಕೊಡುತ್ತಾರೆ ಎಂಬುದನ್ನೂ ನಾವು ಬಲ್ಲೆವು. ನಿಧಿಗೆ ಕೊಡುವ ಹಣದ ಜೊತೆಗೆ ಮಗನ ಪಕ್ಕದ ಬೆಂಚಿನ ಅರ್ಧ ಜಾಗವನ್ನೂ ಕೊಡಲು ಒಪ್ಪುವುದಾದರೆ, ಶಾಲೆಯ ಗುರುಗಳಿಗೂ ಸಿಸ್ಟರುಗಳಿಗೂ ಧೈರ್ಯ ಬರುತ್ತದೆ.

ಆಗಬೇಕಾದ ಕೆಲಸಗಳಲ್ಲಿ ಬಹಳಷ್ಟಕ್ಕೆ ಹಣ ಬೇಕಾಗಿಲ್ಲ. ಪ್ರತಿ ಶಾಲೆಯೂ ಹತ್ತನೆಯ ತರಗತಿಯ ಫಲಿತಾಂಶದ ಜೊತೆಗೆ, ಎಂಟನೆಯದಕ್ಕೆ ಸೇರಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೆಯದನ್ನು ತಲುಪಿದರು ಎಂಬ ಸಂಖ್ಯೆಯನ್ನೂ ಪಾಲಕರ ಮುಂದಿಡಲಿ. ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದವರನ್ನು ಹೊರಗೆ ಕಳುಹಿಸುವ ಬದಲು ಅದೇ ಆವರಣದಲ್ಲಿ ಮುಕ್ತ ಶಾಲೆಯ ಒಂದು ವಿಭಾಗ ತೆರೆಯಲಿ. ಅದೇ ಸಮವಸ್ತ್ರ, ಅದೇ ಆಟದ ಮೈದಾನ ಇರಲಿ. ಧರ್ಮಕೇಂದ್ರದ ಮಟ್ಟದಲ್ಲಿ ಕಿರು ಕ್ರೈಸ್ತ ಸಮುದಾಯಗಳವರು ಮನೆ ಮನೆಗೆ ಹೋಗುತ್ತಲೇ ಇರುತ್ತಾರೆ. ಜಪಮಾಲೆ ಮುಗಿದ ಮೇಲೆ, ಈ ಮನೆಯಲ್ಲಿ ಯಾವ ಮಗು ಈ ವಾರ ಶಾಲೆಗೆ ಹೋಗಿಲ್ಲ ಎಂದು ಒಂದು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಕಥೋಲಿಕರ ಮನೆಯಲ್ಲ ಎಂದು ಪಕ್ಕದ ಶೆಡ್ಡನ್ನು ದಾಟಿ ಹೋಗಬೇಕಾಗಿಲ್ಲ. ಐ.ಟಿ.ಐ., ಎಚ್.ಎ.ಎಲ್.ಗಳಲ್ಲಿ ದುಡಿದು ನಿವೃತ್ತರಾದ, ಗಣಿತ ವಿಜ್ಞಾನಗಳನ್ನು ಚೆನ್ನಾಗಿ ಬಲ್ಲ ಹಿರಿಯರು ಈ ಭಾಗದ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಹೆಚ್ಚಿನ ಕಡೆ ದೇವಾಲಯದ ಸಭಾಂಗಣಗಳು ವಾರದ ದಿನಗಳಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಬೀಗ ಹಾಕಿಯೇ ಇರುತ್ತವೆ. ಬೀಗದ ಕೈ ಕೇಳಲು ಜೂನ್ ಬರುವವರೆಗೆ ಕಾಯಬೇಕಾಗಿಲ್ಲ.